ಹೊಲಿಗೆ ಕೋಣೆಯ ಅಳತೆ

ನಾನೂ ಅವ್ವನೂ ಅಡುಗೆಮನೆಯಲ್ಲಿ ಎದುರುಬದುರು ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದೆವು. ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪಿಚಕ್ಕನೆ ಹಾರಿ ಪಾತ್ರೆಯೊಳಗೆ ಬೀಳುತ್ತಿತ್ತು. ಆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಬೇಳೆ ಗುರಿ ತಪ್ಪಿ ಅವ್ವನ ಮೂಗಿಗೆ ತಗುಲಿತು. ನನಗೆ ನಗು ಬಂದು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಒದ್ದೆ ಬೆರಳನ್ನು ತುಟಿಯ ಮೇಲಿಟ್ಟುಕೊಂಡು ಕಣ್ಣಿನಲ್ಲೇ ಗೋಡೆ ತೋರಿಸಿದಳು. ಅಡುಗೆಮನೆಯಲ್ಲಿ ಮಾತಾಡಿದರೆ ಅಡುಗೆಮನೆ ಬೆಳೆಯುತ್ತದೆ. ಅದು ಬೆಳೆದಷ್ಟೂ ಪಡಸಾಲೆ ಕುಗ್ಗುತ್ತದೆ. ಅಣ್ಣನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬರುವುದಕ್ಕೆ ಒಂಬತ್ತೇ ದಿನ ಉಳಿದಿತ್ತು. ಹಾಗಾಗಿ ಉಪ್ಪಿಗೂ ಸನ್ನೆ, ಖಾರಕ್ಕೂ ಸನ್ನೆ. ಬೆಂಕಿ ಕೈಗೆ ತಾಗಿದರೂ ಹಿತ್ತಿಲಿಗೆ ಓಡಿಹೋಗಿ ಕೂಗಬೇಕು ಎಂದು ಮಾವ ಅಪ್ಪಣೆ ಮಾಡಿದ್ದರು.

ನಮ್ಮೂರಲ್ಲಿ ಮನೆ ದೊಡ್ಡದು ಮಾಡುವುದಕ್ಕೆ ಇಟ್ಟಿಗೆ ಸಿಮೆಂಟು ತರುವವರು ಕಡಿಮೆ. ಅದೆಲ್ಲ ಕಟ್ಟೆಗೆ, ಮೆಟ್ಟಿಲಿಗೆ. ಗೋಡೆ ಸರಿಯುವುದು ಮಾತಿಗೆ. ಒಂದು ಕೋಣೆಯಲ್ಲಿ ಒಬ್ಬರು ಆಡಿದ ಮಾತನ್ನು ಅಲ್ಲೇ ಇನ್ನೊಬ್ಬರು ಕಿವಿಗೊಟ್ಟು ಕೇಳಿದರೆ ಆ ಕೋಣೆಯ ಗೋಡೆ ಹೊರಕ್ಕೆ ಹೋಗುತ್ತದೆ. ಕೇಳುವವರಿಲ್ಲದ ಮಾತಿಗೆ ಅದು ಹೊರಕ್ಕೆ ಕದಲುವುದಿಲ್ಲ. ಆಡುವವರೋ ಕೇಳುವವರೋ ಇಲ್ಲದ ಕೋಣೆ ದಿನ ಕಳೆದಂತೆ ಒಳಕ್ಕೆ ಬರುತ್ತದೆ. ನಮ್ಮ ವಾರ್ಡಿನ ಮೆಂಬರ ಮನೆಯ ಪಡಸಾಲೆ ಊರಿಗೇ ದೊಡ್ಡದು, ಯಾಕೆಂದರೆ ಅರ್ಜಿ ಹಿಡಿದು ಬಂದವರು ಕೆಲಸ ಆಗುವವರೆಗೆ ಅವರು ಹೇಳಿದ್ದನ್ನೆಲ್ಲ ಕೇಳುತ್ತ ಕೂರಬೇಕು, ಕೆಲಸ ಬೇಗ ಆಗುವುದಿಲ್ಲ. ಹೋದ ವರ್ಷ ಅವರ ಮುಂದಿನ ಗೋಡೆ ಚರಂಡಿ ದಾಟಿ ರಸ್ತೆಯ ಅರ್ಧಕ್ಕೆ ಬಂತು. ರಸ್ತೆಯೇ ಮನೆಯನ್ನು ಒತ್ತುವರಿ ಮಾಡಿದೆ ಎಂದು ಪುರಸಭೆ ಠರಾವು ಮಾಡಿತು. ನಮ್ಮಂಥವರ ಮನೆಗೆ ಸುತ್ತಲೂ ಬೇರೆಯವರ ಗೋಡೆ. ಹೊರಕ್ಕೆ ಹೋಗುವಂತಿಲ್ಲ. ಒಂದು ಕೋಣೆ ಬೆಳೆದರೆ ಇನ್ನೊಂದು ಕೊಡಬೇಕು.

ಶಾಲೆಯ ಕೋಣೆಗಳು ಮಾತ್ರ ಎಷ್ಟು ಪಾಠ ಹೇಳಿದರೂ ಬೆಳೆಯುತ್ತಿರಲಿಲ್ಲ. ನಾನು ಏಳನೇ ತರಗತಿಯಲ್ಲಿ ಶಾಲೆ ಬಿಟ್ಟೆ. ಆ ವರ್ಷ ಏಳನೇ ತರಗತಿಯ ಕೋಣೆ ಎರಡು ಅಡಿ ಒಳಕ್ಕೆ ಬಂತು ಎಂದು ಅಣ್ಣನೇ ಬಂದು ಹೇಳಿದ. ಮೇಷ್ಟ್ರು ಗೋಡೆಗೆ ತೇವ ಹಿಡಿದಿದೆ ಅಂದರಂತೆ.

ಶಾಲೆ ಬಿಟ್ಟದ್ದು ಅಪ್ಪನ ಕಣ್ಣು ಮಂದವಾಯಿತು ಅಂತ. ಅಪ್ಪ ಟೈಲರ್. ಸೂಜಿಗೆ ದಾರ ಪೋಣಿಸಲು ಒಬ್ಬರು ಬೇಕಿತ್ತು. ಪಡಸಾಲೆಯ ಹಿಂದಿನ ಕೋಣೆಯಲ್ಲಿ ಅವರ ಮಿಷನ್ನು, ಪಕ್ಕದಲ್ಲಿ ನಾನು. ಯಾರ ಬ್ಲೌಸಿನ ತೋಳು ಈ ವರ್ಷ ಯಾಕೆ ಬಿಗಿಯಾಯಿತು, ಪ್ಯಾಂಟು ಸಡಿಲ ಮಾಡಿಸಲು ಬಂದ ಪೊಲೀಸಿನವನು ಏನು ಸುಳ್ಳು ಹೇಳಿದ, ಎಲ್ಲವನ್ನೂ ಅಪ್ಪ ಹೇಳುತ್ತಿದ್ದರು. ನಾನು ಹೂಂ ಅನ್ನುವುದೂ ಇಲ್ಲ, ಸುಮ್ಮನೆ ಕೇಳುತ್ತಿದ್ದೆ. ಆಗ ಆ ಕೋಣೆ ಹತ್ತು ಅಡಿ ಇತ್ತು. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಒಬ್ಬಳೇ ಕೂತು ಹೊಲಿಯುವವಳಿಗೆ ಅಲ್ಲಿ ಮಾತಾಡುವವರು ಯಾರು? ಗೋಡೆ ದಿನದಿನಕ್ಕೆ ಹತ್ತಿರ ಬಂತು. ಮಿಷನ್ನಿನ ಚಕ್ರ ಗೋಡೆಗೆ ಉಜ್ಜಿ ಉಜ್ಜಿ ಎಣ್ಣೆಯ ಕಪ್ಪು ಕಮಾನೊಂದು ಮೂಡಿತು. ಈಗ ಮಿಷನ್ನು ಬಿಟ್ಟು ಉಳಿದ ಜಾಗದಲ್ಲಿ ಮಲಗಿದರೆ ಮಂಡಿ ಮಡಚಿಕೊಳ್ಳಬೇಕು. ಆದರೂ ಅದು ನನ್ನ ಕೋಣೆ. ಒಳಗಿನಿಂದ ಚಿಲಕ ಇದೆ, ಪೂರ್ವಕ್ಕೆ ಒಂದು ಕಿಟಕಿ ಇದೆ, ಅಪ್ಪ ಕತ್ತರಿ ತೂಗುಹಾಕುತ್ತಿದ್ದ ಮೊಳೆ ಇದೆ.

ಆ ಕೋಣೆಯನ್ನು ಪಡಸಾಲೆಗೆ ಸೇರಿಸಿಬಿಡುವುದು ಎಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ರೇವಣ್ಣ ಮಾವ. ಅವ್ವನ ಅಣ್ಣ, ಪುರಸಭೆಯ ನೀರಿನ ವಿಭಾಗದಲ್ಲಿದ್ದು ರಿಟೈರಾದವರು. ಅವರ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಬಚ್ಚಲು. ಮಾವ ಸ್ನಾನ ಮಾಡುತ್ತ ಊರಿನ ಆಡಳಿತದ ಮೇಲೆ ಭಾಷಣ ಮಾಡುತ್ತಾರೆ, ಅತ್ತೆ ಬೆನ್ನು ತಿಕ್ಕುತ್ತ ಕೇಳುತ್ತಾರೆ. ಹೀಗೆ ಇಪ್ಪತ್ತೆರಡು ಅಡಿಯ ಬಚ್ಚಲು ಮಾಡಿಸಿದ ಅನುಭವ ತಮಗಿದೆ ಅನ್ನುವುದು ಮಾವನ ಹೆಮ್ಮೆ.

"ನೋಡೇ ತಂಗಿ," ಎಂದು ಮಾವ ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ ಹಿಂಭಾಗದಲ್ಲಿ ಗೆರೆ ಎಳೆದರು. "ಹುಡುಗಿ ಅಪ್ಪ ಗುರುಶಾಂತಪ್ಪನ ಮನೆ ಹಾಲಲ್ಲಿ ಅರವತ್ತು ಜನ ಊಟಕ್ಕೆ ಕೂರ್ತಾರೆ. ಅವರು ನಮ್ಮನೆಗೆ ಬಂದು ಈ ಹನ್ನೊಂದಡಿ ನೋಡಿದ್ರೆ ಏನಂತಾರೆ ಹೇಳು? ಈ ಮನೇಲಿ ಒಬ್ರ ಮಾತು ಒಬ್ರು ಕೇಳಲ್ಲ ಅಂತಾರೆ. ಅಂಥ ಮನೆಗೆ ಹೆಣ್ಣು ಕೊಡ್ತಾರಾ?"

ಪಡಸಾಲೆ ಎನ್ನುತ್ತಿದ್ದುದನ್ನು ಮಾವ ಆ ದಿನದಿಂದ ಹಾಲ್ ಎನ್ನಲು ಶುರುಮಾಡಿದ್ದರು. ಅಣ್ಣ ಪಂಚಾಕ್ಷರಿ ಗೆರೆಗಳ ಮೇಲೆ ಬಗ್ಗಿ ನಿಂತಿದ್ದ. ಅವನು ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ದಿನವಿಡೀ ತಟ್ಟೆ ಲೋಟದ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾಗಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಾನೆ.

"ಮತ್ತೆ ನೀಲವೇಣಿ ಎಲ್ಲಿ ಮಲಗ್ತಾಳೆ?" ಅವ್ವ ಕೇಳಿದಳು.

"ಅವಳೆಷ್ಟು ಜಾಗ ತಿಂತಾಳೆ? ಎಲ್ಲಾದ್ರೂ ಮಲಗ್ತಾಳೆ ಬಿಡವ್ವ," ಎಂದ ಅಣ್ಣ. ನಾನು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದೆ. ನನ್ನ ಕೈಯಿಂದಲೇ ಲೋಟ ತಗೊಂಡು, "ಸಕ್ಕರೆ ಕಮ್ಮಿ," ಎಂದ.

ಮಾತಿನ ಮೇಸ್ತ್ರಿಯನ್ನು ಮಾವನೇ ಕರೆತಂದರು. ಹೆಸರು ಹಾಲಸ್ವಾಮಿ. ಮೊದಲು ಆಟೋದಲ್ಲಿ ಮೈಕು ಕಟ್ಟಿಕೊಂಡು ನೀರು ಬಿಡುವ ಹೊತ್ತು, ಸತ್ತವರ ಹೆಸರು, ಸರ್ಕಸ್ಸಿನ ಟಿಕೆಟ್ಟು ಎಲ್ಲವನ್ನೂ ಒಂದೇ ದನಿಯಲ್ಲಿ ಸಾರುತ್ತಿದ್ದವರು. ಈಗ ಮನೆ ಮನೆಗೆ ಹೋಗಿ ಗೋಡೆ ಸರಿಸುತ್ತಾರೆ. ಒಂದು ಥರ್ಮಾಸಿನಲ್ಲಿ ಜೀರಿಗೆ ನೀರು, ಜೇಬಿನಲ್ಲಿ ಕಲ್ಲುಸಕ್ಕರೆ, ಕುತ್ತಿಗೆಗೆ ಮಫ್ಲರ್. ಬಂದವರೇ ಪಡಸಾಲೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದರು.

"ಬಿಗಿ ಗೋಡೆ. ಬಹಳ ದಿನದಿಂದ ಇಲ್ಲಿ ಯಾರೂ ಒಳ್ಳೆ ಮಾತಾಡಿಲ್ಲ," ಎಂದರು. "ವಿಷಯ ಯಾವುದು ಬೇಕು? ಹಾಲಿಗೆ ಸಾಮಾನ್ಯವಾಗಿ ದೇಶದ ಪರಿಸ್ಥಿತಿ ಚೆನ್ನಾಗಿ ಹಿಡೀತದೆ. ಮಲಗೋ ಕೋಣೆಗೆ ನೆಂಟರ ವಿಷಯ. ದೇವರ ಮನೆಗೆ ಪಕ್ಕದ ಮನೆಯೋರ ವಿಷಯ."

"ದೇಶದ ಪರಿಸ್ಥಿತಿಯೇ ಇರಲಿ. ಗಂಡಿನ ಮನೆ, ಒಂದು ಘನತೆ ಬೇಡ್ವಾ?" ಎಂದರು ಮಾವ.

"ಸರಿ. ಕೇಳೋಕೆ ಯಾರು ಕೂರ್ತಾರೆ?"

ನಮ್ಮೂರಿನಲ್ಲಿ ಮಾತಾಡುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಕೇಳಲು ಕೂರುವವರಿಗೆ ಮೂರು ತಿಂಗಳು ಮೊದಲೇ ಹೇಳಿಡಬೇಕು. ಇಡೀ ಊರಿಗೆ ಇದ್ದವರು ಇಬ್ಬರು. ಒಬ್ಬಾಕೆ ಮೆಂಬರ ಮಗಳ ಮದುವೆ ಚಪ್ಪರಕ್ಕೆ ಒಪ್ಪಿಕೊಂಡಿದ್ದಳು, ಇನ್ನೊಬ್ಬರು ಕಿವಿನೋವಿಗೆ ಆಸ್ಪತ್ರೆ ಸೇರಿದ್ದರು. ಅಣ್ಣನನ್ನು ಕೂರಲು ಹೇಳಿದರೆ ಅಂಗಡಿ ಎಂದ. ಮಾವ, "ನಾನು ಕೂತ್ರೆ ನಡುವೆ ಬಾಯಿ ಹಾಕ್ತೀನಿ ಕಣಯ್ಯ, ನನ್ನ ಸ್ವಭಾವ ನಂಗೊತ್ತು," ಎಂದರು. ಅವ್ವ ಮೆಲ್ಲಗೆ, "ನೀಲವೇಣಿ ಕೂರಲಿ," ಎಂದಳು.

"ಅವಳು ಕೂತ್ರೆ ಕಾಫಿ ಯಾರು ಮಾಡ್ತಾರೆ?" ಎಂದರು ಮಾವ ಮತ್ತು ಅಣ್ಣ, ಇಬ್ಬರೂ ಒಟ್ಟಿಗೆ.

ಕೊನೆಗೆ ಅಜ್ಜನನ್ನು ಕೂರಿಸುವುದೆಂದಾಯಿತು. ಅಪ್ಪನ ಅಪ್ಪ, ಎಂಬತ್ತು ದಾಟಿದೆ. ಬೇರೆ ಕೆಲಸವಿಲ್ಲ, ಎದ್ದುಹೋಗುವುದಿಲ್ಲ, ಎದುರು ಯಾರೇ ಕೂತರೂ ತಲೆಯಾಡಿಸಿ ನಗುತ್ತಾರೆ. "ಅಜ್ಜಂಗೆ ಎಡಗಿವಿ ಸ್ವಲ್ಪ ಮಂದ. ಬಲಗಿವಿ ಗಟ್ಟಿಮುಟ್ಟಾಗಿದೆ," ಎಂದು ಮಾವ ಮೇಸ್ತ್ರಿಗೆ ಭರವಸೆ ಕೊಟ್ಟರು.

ಅಜ್ಜನಿಗೆ ಎರಡು ವರ್ಷದಿಂದ ಎರಡೂ ಕಿವಿ ಕೇಳುವುದಿಲ್ಲ. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಕುಕ್ಕರು ಕೂಗಿದರೆ ಬೆಕ್ಕು ಎದ್ದು ಓಡುತ್ತದೆ, ಅಜ್ಜ ರೆಪ್ಪೆ ಹೊಡೆಯುವುದಿಲ್ಲ. ಊಟಕ್ಕೆ ಕರೆದರೆ ಬರುವುದು ಸಾರಿನ ವಾಸನೆಗೆ. ನಾನು ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಆದರೆ ಅಜ್ಜನ ಬದಲು ಕೇಳುವ ಕಿವಿ ಸಿಕ್ಕರೆ ನನ್ನ ಕೋಣೆ ಒಂಬತ್ತು ದಿನದಲ್ಲಿ ಇರುವುದಿಲ್ಲ. ನಾನು ಹೇಳಲಿಲ್ಲ. ಅಜ್ಜನಿಗೆ ಮುಖ ತೊಳೆಸಿ, ಕನ್ನಡಕ ಒರೆಸಿ, ಒಗೆದ ಪಂಚೆ ಉಡಿಸಿ, ಮೇಸ್ತ್ರಿಯ ಎದುರಿಗೆ ನಾನೇ ಕೈಹಿಡಿದು ಕೂರಿಸಿದೆ. ಮಾವ, "ಭೇಷ್, ಹುಡುಗಿಗೂ ಮನೆ ಮೇಲೆ ಆಸಕ್ತಿ ಬಂದಿದೆ," ಎಂದರು.

ಮೇಸ್ತ್ರಿಯ ಕೆಲಸಕ್ಕೆ ಒಂದು ಕಟ್ಟುಪಾಡಿತ್ತು. ಅವರು ಮಾತಾಡುವಾಗ ಅಲ್ಲಿ ಬೇರೆ ಮಾತು ಸೇರಬಾರದು, ಸೇರಿದರೆ ಗೋಡೆ ಓರೆಯಾಗುತ್ತದೆ. ಪಡಸಾಲೆಯ ಬಾಗಿಲು ಹಾಕಿಯಾಯಿತು. ಅಡುಗೆಮನೆಯಲ್ಲಿ ಮಾತಾಡುವಂತಿಲ್ಲ. ಹಿತ್ತಿಲಿನಲ್ಲಿ ಬಿಸಿಲು. ಇನ್ನು ಮನೆಯ ಪ್ಲಾನಿನ ಚರ್ಚೆಗೆ ಉಳಿದದ್ದು ನನ್ನ ಕೋಣೆ. "ಹೆಂಗೂ ಹೋಗೋ ಕೋಣೆ, ಇಲ್ಲೇ ಮಾತಾಡಿದ್ರೆ ಏನು ನಷ್ಟ?" ಎಂದು ಮಾವ ಬಾಗಿಲ ಚೌಕಟ್ಟಿಗೆ ಒರಗಿದರು. ಅಣ್ಣ ಮಿಷನ್ನಿನ ಅಂಚಿಗೆ ಅಂಟಿ ನಿಂತ. ಅವ್ವ ಒಳಗೆ ಕಾಲಿಡಲು ಜಾಗವಿಲ್ಲದೆ ಹೊಸ್ತಿಲ ಮೇಲೆ ಕೂತಳು. ನಾನು ಮೂಲೆಯಲ್ಲಿ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ಮಿಷನ್ನು ತುಳಿದರೆ ಸದ್ದಾಗುತ್ತದೆ ಅಂತ ಕೈಹೊಲಿಗೆ ಹಿಡಿದಿದ್ದೆ.

ಮೊದಲ ದಿನ ಸೋಫಾದ ವಿಷಯ.

"ಎಲ್ ಸೋಫಾ ಹಾಕ್ಬೇಕು," ಎಂದ ಅಣ್ಣ.

"ಎಲ್ ಅಂದ್ರೇನೋ?"

"ಮೂಲೇಲಿ ತಿರುಗುತ್ತಲ್ಲವ್ವ, ಆ ಥರದ್ದು."

"ಮೂಲೇಲಿ ಕೂತೋರ ಕಾಲು ಎಲ್ಲಿ ಹೋಗ್ತದೆ?" ಅವ್ವ ಕೇಳಿದಳು.

"ಕಾಲಿನ ಮಾತು ಆಮೇಲೆ," ಎಂದು ಮಾವ ಹೊಸ ಹಾಳೆ ತೆಗೆದರು. "ಮೊದ್ಲು ಕಮಾನು. ಹಾಲಿಗೂ ಊಟದ ಜಾಗಕ್ಕೂ ನಡುವೆ ಒಂದು ಕಮಾನು ಬರಬೇಕು."

"ಊಟದ ಜಾಗ ಎಲ್ಲೈತೆ ಮಾವ?"

"ಬರ್ತದೆ. ಕಮಾನು ಬಂದ್ರೆ ಅದ್ರ ಆಚೆ ಏನಾದ್ರೂ ಬರಲೇಬೇಕಲ್ಲ."

ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರುಮಾಡುತ್ತಿದ್ದರು. ಅಣ್ಣ ಸೋಫಾ ಅನ್ನುವಾಗ ಮಾವ ಕಮಾನು ಅನ್ನುತ್ತಿದ್ದರು, ಇಬ್ಬರ ನಡುವೆ ಅವ್ವ ನೆಂಟರು ಕೈತೊಳೆಯುವುದೆಲ್ಲಿ ಅನ್ನುತ್ತಿದ್ದಳು. ಯಾರ ಮಾತೂ ಯಾರ ಕಿವಿಗೂ ಬೀಳಲಿಲ್ಲ. ಮೂರೂ ನನ್ನ ಕಿವಿಗೆ ಬಿದ್ದವು. ನಾನು ಬೇಕೆಂದೇ ಕೇಳಿದ್ದಲ್ಲ. ನನಗೆ ಕೇಳದೆ ಇರಲು ಬರುವುದಿಲ್ಲ. ಅಣ್ಣ ಸೋಫಾ ಅಂದಾಗ ಅವನ ದನಿಯೊಳಗೆ ಒಂದು ಹೆದರಿಕೆ ಇತ್ತು, ಹುಡುಗಿ ಬಂದು ಈ ಚಾಪೆಯ ಮೇಲೆ ಹೇಗೆ ಕೂತಾಳು ಅಂತ. ಮಾವನ ಕಮಾನಿನ ಹಿಂದೆ, ರಿಟೈರಾದ ಮೇಲೆ ಅವರನ್ನು ಯಾರೂ ಏನೂ ಕೇಳುವುದಿಲ್ಲ ಅನ್ನುವುದಿತ್ತು.

ಮಾರನೆಯ ಬೆಳಿಗ್ಗೆ ಮಿಷನ್ನು ತುಳಿದೆ. ಚಕ್ರ ಗೋಡೆಗೆ ತಾಗಲಿಲ್ಲ. ಎಣ್ಣೆಯ ಕಪ್ಪು ಕಮಾನಿಗೂ ಚಕ್ರಕ್ಕೂ ನಡುವೆ ನನ್ನ ಮೂರು ಬೆರಳು ಹಿಡಿಯಿತು. ಹೊಲಿಗೆಯ ಟೇಪು ಹಿಡಿದು ಅಳೆದೆ. ಎಪ್ಪತ್ತೆಂಟು ಇಂಚು ಇದ್ದದ್ದು ಎಂಬತ್ತೊಂದಾಗಿತ್ತು. ಆ ದಿನ ಮಲಗುವಾಗ ಮಂಡಿ ಸ್ವಲ್ಪ ಬಿಚ್ಚಿದೆ.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಎರಡನೇ ದಿನ ಸಂಜೆ ಸೋಫಾ ಕಮಾನು ಎರಡೂ ತಣ್ಣಗಾಗಿ, ಮಾವ ಏಳಲು ಹೊರಟಾಗ, ನಾನು ಬ್ಲೌಸಿನಿಂದ ತಲೆ ಎತ್ತದೆ, "ಚಪ್ಪಲಿ ಸ್ಟ್ಯಾಂಡು?" ಎಂದೆ. ಅಷ್ಟೇ. ಮಾವ ಕೂತರು. ಚಪ್ಪಲಿ ಒಳಗೋ ಹೊರಗೋ, ಹೊರಗಾದರೆ ನಾಯಿ ಕಚ್ಚಿಕೊಂಡು ಹೋಗುತ್ತದೆ, ಒಳಗಾದರೆ ದೇವರ ಫೋಟೋ ಯಾವ ಗೋಡೆಗೆ, ಗುರುಶಾಂತಪ್ಪನವರು ಬೂಟಿನವರೋ ಚಪ್ಪಲಿಯವರೋ ಎಂದು ಎರಡು ದಿನ ನಡೆಯಿತು. ಅದು ಆರುವ ಹೊತ್ತಿಗೆ, "ಶೋಕೇಸಿಗೆ ಗಾಜು?" ಎಂದೆ. ಅಣ್ಣ ಸರಿಯುವ ಗಾಜು ಎಂದ, ಮಾವ ತೆರೆಯುವ ಗಾಜು ಎಂದರು, ಶೋಕೇಸಿನಲ್ಲಿ ಇಡಲು ಏನಿದೆ ಎಂದು ಅವ್ವ ಕೇಳಿದಳು. ಅಪ್ಪನಿಗೆ ಟೈಲರ್ ಸಂಘದವರು ಕೊಟ್ಟಿದ್ದ ಹಿತ್ತಾಳೆಯ ಸಣ್ಣ ಕತ್ತರಿ ಬಿಟ್ಟರೆ ನಮ್ಮ ಮನೆಯಲ್ಲಿ ಶೋಕೇಸಿನ ವಸ್ತು ಇರಲಿಲ್ಲ. ಅದೊಂದನ್ನು ನಡುವಿಗಿಡುವುದೋ ಅಂಚಿಗಿಡುವುದೋ ಅಂತ ಇನ್ನೊಂದು ದಿನ ಹೋಯಿತು. ನಾನು ಹೊತ್ತಿಗೆ ಸರಿಯಾಗಿ ಕಾಫಿ ತಂದೆ, ಮಂಡಕ್ಕಿ ತಂದೆ, ಮೆಣಸಿನಕಾಯಿ ಬೋಂಡ ಕರಿದೆ. ಮತ್ತೆ ಮೂಲೆಗೆ ಬಂದು ಕೂತು ಕೇಳಿದೆ.

ಮಾತಾಡುವವರು ಗೋಡೆ ನೋಡುವುದಿಲ್ಲ. ಮೂರನೇ ದಿನ ಅವ್ವ ಹೊಸ್ತಿಲಿನಿಂದ ಎದ್ದು ಒಳಗೆ ಬಂದು ಕೂತಳು. ನಾಲ್ಕನೇ ದಿನ ಅಣ್ಣ ಒಂದು ಕುರ್ಚಿ ತಂದುಕೊಂಡ. ಐದನೇ ದಿನ ಮಾವ ಕಾಲು ಚಾಚಿದರು, ಆರನೇ ದಿನ ಕೈ ಹಿಂದಕ್ಕೆ ಕಟ್ಟಿಕೊಂಡು ಈ ಗೋಡೆಯಿಂದ ಆ ಗೋಡೆಗೆ ಶತಪಥ ಹಾಕುತ್ತ, "ಈ ಇಕ್ಕಟ್ಟಲ್ಲಿ ತಲೇನೇ ಓಡಲ್ಲ ಮಾರಾಯ," ಎಂದರು. ಕಪ್ಪು ಕಮಾನು ದೂರದ ಗೋಡೆಯ ಮೇಲೆ ಚಂದ್ರನ ಚೂರಿನ ಹಾಗೆ ಕಾಣುತ್ತಿತ್ತು. ಪಕ್ಕದ ಪಡಸಾಲೆಯಲ್ಲಿ ಹಾಲಸ್ವಾಮಿ ದೇಶದ ಪರಿಸ್ಥಿತಿ ಮುಗಿಸಿ ಪ್ರಪಂಚಕ್ಕೆ ಹೋಗಿದ್ದರು. ಅಜ್ಜ ತಲೆಯಾಡಿಸುತ್ತಿದ್ದರು. ಬಾಗಿಲ ಸಂದಿನಿಂದ ನೋಡಿದೆ. ಇಬ್ಬರ ಮಂಡಿಗೆ ಮಂಡಿ ತಾಗುತ್ತಿತ್ತು. "ನಿಮ್ಮಂಥ ಕೇಳುಗರನ್ನ ನಾನು ನೋಡಿಲ್ಲ ಯಜಮಾನ್ರೇ, ತಾನಾಗೇ ಹತ್ರ ಹತ್ರ ಬಂದುಬಿಟ್ಟಿದೀವಿ," ಎಂದು ಮೇಸ್ತ್ರಿ ಕಣ್ಣೊರೆಸಿಕೊಂಡರು.

ಎಂಟನೇ ದಿನ ಅವ್ವ ಅಡುಗೆಮನೆಯಲ್ಲಿ ಹಿಟ್ಟು ಕಲೆಸುತ್ತ ನನ್ನನ್ನೇ ನೋಡಿದಳು. ಆಮೇಲೆ ಹಿಟ್ಟಿನ ಕೈಯನ್ನು ಎರಡೂ ಕಡೆ ಅಗಲಿಸಿ, ಹುಬ್ಬು ಎತ್ತಿ, ನನ್ನ ಕೋಣೆಯ ಕಡೆಗೆ ಗದ್ದ ತೋರಿಸಿದಳು. ಇದೇನು ಅಂತ. ನಾನು ತಲೆ ತಗ್ಗಿಸಿದೆ. ಅವ್ವ ಹಿಟ್ಟಿನ ಉಂಡೆಯೊಂದನ್ನು ಕಿತ್ತು, ನಾನು ಚಿಕ್ಕವಳಿದ್ದಾಗ ಕೊಡುತ್ತಿದ್ದ ಹಾಗೆ, ಆಡಿಕೋ ಎಂಬಂತೆ ನನ್ನ ಕೈಗಿಟ್ಟಳು.

ಒಂಬತ್ತನೇ ದಿನ ಬೆಳಿಗ್ಗೆ ಮಾವ ಹೊಸ ಪಂಚೆಯುಟ್ಟು ಅಳತೆ ಪಟ್ಟಿ ಹಿಡಿದು ಬಂದರು. ಹುಡುಗಿ ಕಡೆಯವರು ಹನ್ನೊಂದಕ್ಕೆ ಬರುವವರಿದ್ದರು. ಪಡಸಾಲೆಯ ಬಾಗಿಲು ತೆಗೆದರೆ ಅದು ಪೂರ್ತಿ ತೆರೆಯಲಿಲ್ಲ, ಮೇಸ್ತ್ರಿಯ ಬೆನ್ನಿಗೆ ತಾಗಿತು. ಹನ್ನೊಂದಡಿ ಇದ್ದದ್ದು ಐದಡಿ ಆಗಿತ್ತು. ಮಾವ ಪಟ್ಟಿಯನ್ನು ಮಗುಚಿ ಮತ್ತೆ ಅಳೆದರು. ಆ ಕಡೆಯಿಂದಲೂ ಐದೇ ಬಂತು.

"ಏನ್ರೀ ಇದು ಹಾಲಸ್ವಾಮಿ? ಬೆಳಸೋಕೆ ಕರ್ಸಿದ್ರೆ ಬಿಡಿಸಿಕೊಂಡು ತಿಂದಿದೀರಲ್ಲ!"

"ನನ್ನ ಮಾತಲ್ಲಿ ಕುಂದಿಲ್ಲ ಸ್ವಾಮಿ. ಆರು ಊರಲ್ಲಿ ಕೇಳಿನೋಡಿ. ನಿಮ್ಮ ಕೇಳುಗರನ್ನ ನೋಡ್ಕಳಿ."

ಅಣ್ಣ ಅಡುಗೆಮನೆಯಿಂದ ಸ್ಟೀಲ್ ತಟ್ಟೆ ತಂದು ಅಜ್ಜನ ಬೆನ್ನ ಹಿಂದೆ ಮೇಲಿನಿಂದ ಬಿಟ್ಟ. ಪಾತ್ರೆ ಅಂಗಡಿಯವನು, ಹೇಗೆ ಬಿಟ್ಟರೆ ಹೆಚ್ಚು ಸದ್ದು ಎಂದು ಅವನಿಗೆ ಗೊತ್ತು. ಬೆಕ್ಕು ಗೋಡೆ ಹಾರಿತು. ಮೇಸ್ತ್ರಿ ಎದೆ ಹಿಡಿದುಕೊಂಡರು. ಅಜ್ಜ ಮೇಸ್ತ್ರಿಯ ಮುಖ ನೋಡಿ ತಲೆಯಾಡಿಸಿ ನಕ್ಕರು.

"ಒಂಬತ್ತು ದಿನ," ಎಂದರು ಹಾಲಸ್ವಾಮಿ. "ಪ್ರಪಂಚದ ಪರಿಸ್ಥಿತಿ ಪೂರಾ ಹೇಳಿದೀನಿ." ಥರ್ಮಾಸು ಎತ್ತಿಕೊಂಡು ಅಜ್ಜನಿಗೆ ಕೈಮುಗಿದು ಹೋದರು.

ಅಣ್ಣ ಅಲ್ಲೇ ಕುಸಿದು ಕೂತ. "ಹೋಯ್ತು ಮಾವ. ಇನ್ನೆರಡು ಗಂಟೇಲಿ ಬರ್ತಾರೆ. ನನ್ನ ಮದುವೆ ಹೋಯ್ತು." ಅವನು ಕೂಗಲಿಲ್ಲ. ಮೆಲ್ಲಗೆ ಹೇಳಿದ. ಅಜ್ಜನ ವಿಷಯ ಆ ದಿನವೇ ಹೇಳಿದ್ದರೆ ಎಂದುಕೊಂಡೆ. ಹೇಳಿದ್ದರೆ ನನ್ನ ಕೋಣೆ ಹೋಗುತ್ತಿತ್ತು ಎಂದೂ ಅಂದುಕೊಂಡೆ. ಎರಡೂ ನಿಜವಾಗಿದ್ದವು.

"ಹಂಗಾದ್ರೆ ಆ ಜಾಗ ಎಲ್ಲಿಗೆ ಹೋಯ್ತು?" ಎಂದು ಮಾವ ಪಟ್ಟಿ ಹಿಡಿದು ನನ್ನ ಕೋಣೆಗೆ ಬಂದರು. ಒಂಬತ್ತು ದಿನ ಓಡಾಡಿದ ಕೋಣೆಯನ್ನು ಆಗ ಮೊದಲ ಸಲ ನೋಡಿದರು. ಒಂದು ತುದಿಯನ್ನು ಅಣ್ಣನ ಕೈಗೆ ಕೊಟ್ಟು ಅಳೆದರು. ಹನ್ನೆರಡೂವರೆ ಅಡಿ. ಪೂರ್ವದ ಕಿಟಕಿಯಿಂದ ಬಿಸಿಲು ಬಂದು ನೆಲದ ನಡುವಿನವರೆಗೆ ಹಾಸಿತ್ತು.

"ಎಲಾ!" ಎಂದರು ಮಾವ. ಸ್ವಲ್ಪ ಹೊತ್ತು ಗದ್ದ ಕೆರೆದುಕೊಂಡರು. ಅವರ ಮುಖ ಅರಳುತ್ತ ಬಂತು. "ನಾನು ಹೇಳಿರ್ಲಿಲ್ವಾ? ನನ್ನ ಮಾತೇ ಹಂಗೆ. ಎಲ್ಲಿ ಆಡಿದ್ರೂ ಹಿಡೀತದೆ. ಪಂಚಾಕ್ಷರಿ, ಏಳೋ. ಇದೇ ಹಾಲ್!"

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ನನ್ನ ಮಿಷನ್ನನ್ನು ಅಣ್ಣ ಬಚ್ಚಲ ಓಣಿಗೆ ಎಳೆದು ಮೇಲೊಂದು ಗೋಣಿತಾಟು ಹೊದಿಸಿದ. ಬ್ಲೌಸುಗಳ ಗಂಟು, ನನ್ನ ಚಾಪೆ, ದಿಂಬು ಪಡಸಾಲೆಗೆ ಹೋದವು. ಪಕ್ಕದ ಮನೆಯಿಂದ ಕುರ್ಚಿಗಳು ಬಂದವು. ಕತ್ತರಿಯ ಮೊಳೆಗೆ ಮಾವ ಒಂದು ಕ್ಯಾಲೆಂಡರ್ ತೂಗುಹಾಕಿದರು. "ಇವಳು ಅಜ್ಜನ ಜೊತೆ ಆ ಐದಡೀಲಿ ಇರ್ತಾಳೆ ಬಿಡು. ಇಬ್ರೂ ಸದ್ದಿಲ್ಲದೋರು," ಎಂದರು ಅವ್ವನಿಗೆ. ಅಜ್ಜನಿಗೆ ಕೇಳುವುದಿಲ್ಲ, ನಾನು ಮಾತಾಡುವುದಿಲ್ಲ. ಆ ಐದಡಿ ಎಷ್ಟು ದಿನ ಐದಡಿಯಾಗಿ ಇರುತ್ತದೆ ಎಂದು ನಮ್ಮೂರಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅವ್ವ ಒಳಗೆ ಹೋಗಿ ಉಪ್ಪಿಟ್ಟಿನ ಬಾಣಲೆಯನ್ನು ದಡಾರನೆ ಒಲೆಯ ಮೇಲಿಟ್ಟಳು.

ಹನ್ನೊಂದಕ್ಕೆ ಸರಿಯಾಗಿ ಬಂದರು. ಗುರುಶಾಂತಪ್ಪನವರು, ಅವರ ಹೆಂಡತಿ, ಜೊತೆಗೆ ಹುಡುಗಿಯೂ ಬಂದಿದ್ದಳು. ಗುರುಶಾಂತಪ್ಪನವರು ಚಪ್ಪಲಿಯವರು. ಹೊರಗೆ ಬಿಟ್ಟು ಒಳಗೆ ಬಂದರು, ನಾಯಿಯೇನೂ ಬರಲಿಲ್ಲ. ಕೋಣೆಯ ನಡುವೆ ನಿಂತು ನಾಲ್ಕೂ ಕಡೆ ನೋಡಿ, "ವಿಶಾಲವಾಗಿದೆ, ಬೆಳಕು ಚೆನ್ನಾಗಿದೆ," ಎಂದರು. ಅಣ್ಣನ ಉಸಿರು ಸಡಿಲವಾದದ್ದು ನನಗೆ ಬಾಗಿಲಿನಿಂದಲೇ ಕೇಳಿಸಿತು. ನಾನು ಉಪ್ಪಿಟ್ಟು, ಕಾಫಿಯ ತಟ್ಟೆ ಹಿಡಿದು ನಿಂತಿದ್ದೆ.

ಮನೆ ನೋಡಲು ಬಂದ ಹಿರಿಯರು ಗೋಡೆಗೆ ಅಂಗೈ ಇಟ್ಟು ಎರಡು ಪ್ರಶ್ನೆ ಕೇಳುವುದು ನಮ್ಮೂರಿನ ಶಾಸ್ತ್ರ. ಗುರುಶಾಂತಪ್ಪನವರು ಎದ್ದು ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟರು.

"ಇಲ್ಲಿ ಮಾತಾಡಿದೋರು ಯಾರು?"

"ನಾನೇ," ಎಂದು ಮಾವ ಎದೆ ಮೇಲೆ ಕೈಯಿಟ್ಟರು. "ಅರ್ಧ ಇವನು ಅನ್ನಿ. ಮುಕ್ಕಾಲು ನಾನು."

"ಕೇಳಿದೋರು ಯಾರು?"

ಮಾವ ಅಣ್ಣನನ್ನು ನೋಡಿದರು. ಅಣ್ಣ ಮಾವನನ್ನು ನೋಡಿದ. "ಎಲ್ಲಾರೂ," ಎಂದ ಅಣ್ಣ. "ನಮ್ಮನೇಲಿ ಒಬ್ರ ಮಾತು ಒಬ್ರು ಕೇಳದೇ ಇರೋದೇ ಇಲ್ಲ."

ಗುರುಶಾಂತಪ್ಪನವರು ಕೈ ತೆಗೆದರು. ಅಂಗೈ ತುಂಬ ಎಣ್ಣೆಯ ಕಪ್ಪು. ಅವರ ಕೈ ಬಿದ್ದದ್ದು ನನ್ನ ಚಕ್ರದ ಕಮಾನಿನ ಮೇಲೆ.

"ಇದೇನ್ರೀ ಇದು, ಎಣ್ಣೆ? ಮೊದ್ಲು ಇದು ಯಾರ ಕೋಣೆ?"

"ಯಾರ್ದೂ ಅಲ್ಲ," ಎಂದ ಅಣ್ಣ. "ಹಳೇ ಸಾಮಾನು ಇಡ್ತಿದ್ವಿ."

ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ತಟ್ಟೆಯನ್ನು ಕುರ್ಚಿಯ ಮೇಲಿಟ್ಟೆ. ಆ ಕೋಣೆಯಲ್ಲಿ ಅಪ್ಪ ಮಾತಾಡಿದ್ದರು, ಮಾವ, ಅಣ್ಣ, ಅವ್ವ ಮಾತಾಡಿದ್ದರು. ಚಪ್ಪಲಿ ಸ್ಟ್ಯಾಂಡು, ಶೋಕೇಸಿನ ಗಾಜು ಬಿಟ್ಟರೆ ನಾನು ಅಲ್ಲಿ ಏನನ್ನೂ ಅಂದವಳಲ್ಲ.

"ಇದು ನನ್ನ ಕೋಣೆ," ಎಂದೆ. "ಇಲ್ಲಿ ಕೇಳಿದ್ದು ನಾನು. ನನಗೆ ಇದು ಬೇಕು."

ಅಣ್ಣ ನೆಲ ನೋಡಿದ. ಮಾವ ಕ್ಯಾಲೆಂಡರಿನಲ್ಲಿ ಯಾವುದೋ ತಾರೀಖು ಹುಡುಕತೊಡಗಿದರು. ಗುರುಶಾಂತಪ್ಪನವರು ಕರ್ಚೀಫಿನಿಂದ ಅಂಗೈ ಒರೆಸಿಕೊಂಡರು, ಅವರ ಹೆಂಡತಿ ಉಪ್ಪಿಟ್ಟಿನೊಳಗಿನ ಕರಿಬೇವನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸಿದರು. ಹುಡುಗಿ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಬಾಗಿಲಲ್ಲಿ ಅವ್ವ ಸೌಟು ಹಿಡಿದು ನಿಂತಿದ್ದಳು. ಯಾರಿಗೂ ಕೇಳಿಸಲೇ ಇಲ್ಲವೇನೋ ಅನ್ನುವ ಹಾಗಿತ್ತು. ಆಗ ಎಣ್ಣೆಯ ಕಮಾನಿದ್ದ ಗೋಡೆ ಮೆಲ್ಲಗೆ ಗರಗರ ಎಂದಿತು. ಮೊಳೆಯ ಮೇಲಿನ ಕ್ಯಾಲೆಂಡರು ಒಮ್ಮೆ ತೂಗಾಡಿತು. ಗೋಡೆಗೆ ಒತ್ತಿ ಇಟ್ಟಿದ್ದ ಕುರ್ಚಿಗೂ ಗೋಡೆಗೂ ನಡುವೆ ಒಂದು ಬೆರಳಿನಷ್ಟು ನೆಲ ಕಂಡಿತು. ಎಲ್ಲರೂ ಅದನ್ನು ನೋಡಿದರು. ಕೇಳುವವರಿಲ್ಲದ ಮಾತಿಗೆ ನಮ್ಮೂರಿನ ಗೋಡೆ ಸರಿಯುವುದಿಲ್ಲ. ಯಾರೋ ಕೇಳಿದ್ದರು. ನಾನು ಒಂದೊಂದೇ ಮುಖ ನೋಡಿದೆ. ಒಬ್ಬರೂ ಕಣ್ಣು ಕೊಡಲಿಲ್ಲ.

ಹಾಗಾಗಿ ಇನ್ನೊಮ್ಮೆ ಹೇಳಿದೆ, ಈ ಸಲ ಸ್ವಲ್ಪ ಗಟ್ಟಿಯಾಗಿ.

"ನನ್ನ ಮಿಷನ್ನು ಬಚ್ಚಲ ಹತ್ರ ಇದೆ. ಯಾರಾದ್ರೂ ಒಬ್ರು ಬಂದು ಒಂದು ಕಡೆ ಹಿಡ್ಕೊಳ್ಳಿ, ಒಳಗೆ ತರ್ಬೇಕು."